ಬಾನುಲಿಯ ಶ್ರಾವಕರು: ಮೈಸೂರು ಆಕಾಶವಾಣಿ ಮತ್ತು ಮಂಡ್ಯ ಸೀಮೆಯ ನಾಲ್ಕು ತಾಲ್ಲೂಕುಗಳು

1939ರ ಜುಲೈ 1ರಂದು ಮಂಡ್ಯ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಅದುವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದ ಶ್ರೀರಂಗಪಟ್ಟಣ, ಆಗ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಇಂದಿನ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಪ್ರದೇಶಗಳು ಹೊಸ ಜಿಲ್ಲೆಯ ಲೆಕ್ಕಕ್ಕೆ ಸೇರಿದವು. ಕಂದಾಯದ ಕಾಗದಪತ್ರ, ಕಚೇರಿಯ ಅಲೆದಾಟ ಎಲ್ಲವೂ ಕ್ರಮೇಣ ಮಂಡ್ಯದ ಕಡೆಗೆ ತಿರುಗಿತು. ಆದರೆ ಈ ಸೀಮೆಯ ಕಿವಿ ಮಾತ್ರ ಮೈಸೂರಿನ ಕಡೆಗೇ ಉಳಿಯಿತು. ಇಂದಿಗೂ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದವರು 'ನಮ್ಮ ರೇಡಿಯೋ' ಎಂದರೆ ಅದು ಮೈಸೂರು ಆಕಾಶವಾಣಿ ಎಂದೇ ಅರ್ಥ.

ಮೈಸೂರು ಆಕಾಶವಾಣಿಯ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ಸಂಸ್ಥಾಪಕರು, ನಿರ್ದೇಶಕರು, ಅಲ್ಲಿ ಹಾಡಿದ ವಿದ್ವಾಂಸರು, ಪ್ರೇಷಕ ಯಂತ್ರದ ಸಾಮರ್ಥ್ಯ ಇವೆಲ್ಲ ಆ ಬರಹಗಳಲ್ಲಿ ಸಿಗುತ್ತವೆ. ಕೇಳಿದವರು ಸಿಗುವುದಿಲ್ಲ. ಕೇಳುವುದು ಒಂದು ಕೆಲಸವೆಂದು ನಮ್ಮ ಚರಿತ್ರಕಾರರಿಗೆ ಅನ್ನಿಸಿಲ್ಲದಿರುವುದು ಇದಕ್ಕೆ ಕಾರಣವಿರಬೇಕು. ಜೈನ ಪರಂಪರೆಯಲ್ಲಿ ಬೆಳೆದವರಿಗೆ ಈ ಮರೆವು ತುಸು ವಿಚಿತ್ರವಾಗಿ ತೋರುತ್ತದೆ. ನಮ್ಮಲ್ಲಿ ಗೃಹಸ್ಥನಿಗೆ ಇರುವ ಹೆಸರೇ 'ಶ್ರಾವಕ'. 'ಶ್ರು' ಎಂಬ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಕೇಳುವವನು ಎಂದರ್ಥ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ವರು ಕೂಡಿದರೆ ಚತುಸ್ಸಂಘ. ಕೇಳುವವರು ಸಂಘದ ಹೊರಗೆ ನಿಂತವರಲ್ಲ, ಅದರ ಅರ್ಧಭಾಗ. ದಿಗಂಬರ ಪರಂಪರೆಯ ಇನ್ನೊಂದು ನಂಬಿಕೆಯನ್ನೂ ಇಲ್ಲಿ ನೆನೆಯಬಹುದು. ಮಹಾವೀರಸ್ವಾಮಿಗೆ ಕೇವಲಜ್ಞಾನವಾದ ಮೇಲೂ 66 ದಿನ ದಿವ್ಯಧ್ವನಿ ಹೊರಡಲಿಲ್ಲ. ಸಮವಸರಣ ಸಿದ್ಧವಾಗಿತ್ತು, ದೇವತೆಗಳು ನೆರೆದಿದ್ದರು. ಅದನ್ನು ಗ್ರಹಿಸಿ ಇತರರಿಗೆ ತಿಳಿಹೇಳಬಲ್ಲ ಗಣಧರ ಇಂದ್ರಭೂತಿ ಗೌತಮ ಬಂದು ಕುಳಿತ ಮೇಲೆಯೇ ಧ್ವನಿ ಹೊಮ್ಮಿತು. ಅರ್ಹನಾದ ಕೇಳುಗ ಬರುವವರೆಗೆ ತೀರ್ಥಂಕರನ ವಾಣಿಯೂ ಕಾಯಿತು ಎನ್ನುವ ಪರಂಪರೆಯವನಾದ ನನಗೆ, ಕೇಳುಗರನ್ನು ಬಿಟ್ಟ ಬಾನುಲಿ ಚರಿತ್ರೆ ಅರ್ಧ ಸಂಘದ ಚರಿತ್ರೆಯಂತೆ ಕಾಣುತ್ತದೆ.

ಮೊದಲಿಗೆ ತಿಳಿದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದ ಪ್ರಸಾರವನ್ನು ಆರಂಭಿಸಿದರು. ಆಗಿದ್ದ ಪ್ರೇಷಕದ ಸಾಮರ್ಥ್ಯ 30 ವ್ಯಾಟ್, ಇಂದಿನ ಒಂದು ಸಾಧಾರಣ ಬಲ್ಬಿಗೆ ಸಾಲುವಷ್ಟು. 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರೇ ಆಗ ಹುಟ್ಟಿರಲಿಲ್ಲ, ಅದು ಬಂದದ್ದು 1936ರ ಜೂನ್ ತಿಂಗಳಲ್ಲಿ. 'ಆಕಾಶವಾಣಿ' ಎಂಬ ಹೆಸರನ್ನು ಗೋಪಾಲಸ್ವಾಮಿಯವರೇ ಇಟ್ಟರೆಂದು ಕೆಲವರು, ನಾ. ಕಸ್ತೂರಿಯವರು ಸೂಚಿಸಿದರೆಂದು ಕೆಲವರು ಹೇಳುತ್ತಾರೆ. ಯಾರದಾದರೂ ಆಗಲಿ, ಪುರಾಣ ಓದಿದ, ನಾಟಕ ನೋಡಿದ ಹಳ್ಳಿಗನಿಗೆ ಆ ಪದವನ್ನು ವಿವರಿಸಬೇಕಾಗಿರಲಿಲ್ಲ. ಕಂಸನಿಗೆ ಮೃತ್ಯುವನ್ನು ಸಾರಿದ ಅಶರೀರವಾಣಿಯನ್ನು ಅವನು ರಂಗದ ಮೇಲೆ ಎಷ್ಟೋ ಸಲ ಕೇಳಿದ್ದ. ಒಬ್ಬ ಪ್ರಾಧ್ಯಾಪಕರ ಮನೆಯ ಸಾಹಸವಾಗಿದ್ದ ಈ ನಿಲಯ ಮುಂದೆ ನಗರಸಭೆಗೆ, ಅಲ್ಲಿಂದ ಮಹಾರಾಜರ ಸರ್ಕಾರಕ್ಕೆ, 1950ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿತು. 1955ರ ನವೆಂಬರ್‌ನಲ್ಲಿ ನಿಲಯವನ್ನು ಬೆಂಗಳೂರಿಗೆ ಸ್ಥಳಾಂತರಿಸಲಾಯಿತು. ಮೈಸೂರಿಗೆ ತನ್ನದೇ ಪೂರ್ಣಪ್ರಮಾಣದ ನಿಲಯ ಮರಳಿ ದೊರೆತದ್ದು 1974ರ ನವೆಂಬರ್‌ನಲ್ಲಿ.

ಈ ನಡುವಿನ 19 ವರ್ಷಗಳು ನಮ್ಮ ವಿಷಯಕ್ಕೆ ಮುಖ್ಯ. ಟ್ರಾನ್ಸಿಸ್ಟರ್ ಹಳ್ಳಿಗೆ ಬಂದದ್ದು ಈ ಅವಧಿಯಲ್ಲಿ. ಅದಕ್ಕೆ ಮೊದಲು ರೇಡಿಯೋ ಎಂದರೆ ಪಟೇಲರ ಪಡಸಾಲೆಯ ದೊಡ್ಡ ಪೆಟ್ಟಿಗೆ ಅಥವಾ ಪಂಚಾಯಿತಿ ಕಟ್ಟಡದ ಧ್ವನಿವರ್ಧಕ. ಅದನ್ನು ಊರೊಟ್ಟಿಗೆ ಕುಳಿತು ಕೇಳಬೇಕಾಗಿತ್ತು. ಟ್ರಾನ್ಸಿಸ್ಟರ್ ಹೊಲಕ್ಕೂ ಆಲೆಮನೆಗೂ ಹೆಗಲ ಮೇಲೆ ಬಂದಿತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಟ್ಟ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳುವ ಲೈಸೆನ್ಸಿನ ಪದ್ಧತಿ 1985ರವರೆಗೂ ಇತ್ತೆಂಬುದನ್ನು ಈಗಿನ ನನ್ನ ವಿದ್ಯಾರ್ಥಿಗಳು ನಂಬುವುದೇ ಇಲ್ಲ. ಕೇಳುವುದಕ್ಕೂ ಸುಂಕವೇ ಎಂದು ನಗುತ್ತಾರೆ.

ಟ್ರಾನ್ಸಿಸ್ಟರಿನೊಡನೆ ಆಯ್ಕೆಯೂ ಬಂದಿತು. ಬಿ. ವಿ. ಕೇಸ್ಕರ್ ಅವರು 1952ರಲ್ಲಿ ವಾರ್ತಾ ಸಚಿವರಾದ ಮೇಲೆ ಶಾಸ್ತ್ರೀಯ ಸಂಗೀತಕ್ಕೆ ಮಣೆ ಹಾಕಿ, ಚಿತ್ರಗೀತೆಗಳನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿ ಅವರ 'ಬಿನಾಕಾ ಗೀತಮಾಲಾ' ಆರಂಭವಾಯಿತು. ದೇಶದ ಕಿವಿ ಕೊಲಂಬೋ ಕಡೆಗೆ ಹೊರಳಿದ್ದನ್ನು ಕಂಡು ಸರ್ಕಾರ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಕೇಳುಗರು ಒಂದು ಮಾತನ್ನೂ ಆಡದೆ, ಕೇವಲ ಗುಂಡಿ ತಿರುಗಿಸಿ, ಒಂದು ಸರ್ಕಾರದ ನೀತಿಯನ್ನು ಬದಲಿಸಿದ ಪ್ರಸಂಗವಿದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಆಕಾಶವಾಣಿಯ ಕೇಳುಗರ ನಿಷ್ಠೆಯನ್ನು ಕೊಂಡಾಡುವವರಿಗೆ, ಬೇರೆ ನಿಲಯವೇ ಇರಲಿಲ್ಲ, ಕೇಳದೆ ಏನು ಮಾಡುತ್ತಿದ್ದರು ಎಂದು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಂಡ್ಯ ಸೀಮೆಯ ಮಟ್ಟಿಗೆ ಅದು ಪೂರ್ತಿ ನಿಲ್ಲುವುದಿಲ್ಲ. 1974ರ ಅನಂತರದ ಒಂದು ಸಂಜೆಯನ್ನು ಊಹಿಸಿಕೊಳ್ಳಿ. 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಕೇಂದ್ರ ಬಹು ಪ್ರಬಲವಾಗಿ ಕೇಳಿಸುತ್ತಿದೆ. ಶಾರ್ಟ್‌ವೇವ್‌ನಲ್ಲಿ ಸಿಲೋನ್ ಇದೆ. ಮೈಸೂರಿನ ಪ್ರಸಾರವಾದರೋ ಅಷ್ಟು ಬಲವುಳ್ಳದ್ದಲ್ಲ. ಕತ್ತಲಾದ ಮೇಲೆ ಮಧ್ಯಮ ತರಂಗಗಳು ಮೇಲಿನ ವಾಯುಮಂಡಲದಿಂದ ಪ್ರತಿಫಲಿಸಿ ನೂರಾರು ಮೈಲಿ ಸಾಗುವುದರಿಂದ, ದೂರದ ಯಾವುದೋ ಊರಿನ ಧ್ವನಿ ಬಂದು ಹತ್ತಿರದ ದುರ್ಬಲ ನಿಲಯದ ಮೇಲೆ ಕುಳಿತುಬಿಡುತ್ತದೆ. ಶ್ರೀರಂಗಪಟ್ಟಣ ಮೈಸೂರಿಗೆ ಹದಿನೈದು ಕಿಲೋಮೀಟರಿನ ಆಸುಪಾಸು, ಅಲ್ಲಿಯವರಿಗೆ ತೊಂದರೆಯಿಲ್ಲ. ನಾಗಮಂಗಲದ ಉತ್ತರದ ಹಳ್ಳಿಗಳಲ್ಲಿ, ಕೃಷ್ಣರಾಜಪೇಟೆಯ ಶ್ರವಣಬೆಳಗೊಳದ ಕಡೆಯ ಅಂಚಿನಲ್ಲಿ, ಮೈಸೂರನ್ನು ಹಿಡಿಯಲು ರೇಡಿಯೋವನ್ನು ಕಿಟಕಿಯ ಬಳಿಗೆ ಒಯ್ದು ದಿಕ್ಕು ತಿರುಗಿಸಿ ಇಡಬೇಕಾಗಿತ್ತು. ಸ್ಪಷ್ಟವಾಗಿ ಕೇಳುವ ಬೆಂಗಳೂರನ್ನು ಬಿಟ್ಟು, ಗೊರಗೊರ ಸದ್ದಿನ ನಡುವೆ ಮೈಸೂರನ್ನು ಹುಡುಕುತ್ತಿದ್ದವರಿದ್ದರು. ಅದನ್ನು ನಿಷ್ಠೆಯೆಂದು ಕರೆಯಲು ನನಗೆ ಸಂಕೋಚವಿಲ್ಲ.

ಅವರು ಹುಡುಕುತ್ತಿದ್ದದ್ದು ಏನನ್ನು? ಹಾಡನ್ನು ಎಂದರೆ ಅರ್ಧ ಉತ್ತರ. ಅದೇ ಚಿತ್ರಗೀತೆ, ಅದೇ ದೇವರನಾಮ ಬೇರೆಡೆಯೂ ಬರುತ್ತಿದ್ದವು. ಮೈಸೂರಿನಲ್ಲಿ ಹಾಡಿನ ಮುಂಚೆ ಒಂದು ಧ್ವನಿ ಇರುತ್ತಿತ್ತು. ಉದ್ಘೋಷಕರು ಕೋರಿಕೆಯ ಪತ್ರಗಳನ್ನು ಕೈಗೆತ್ತಿಕೊಂಡು ಹೆಸರುಗಳನ್ನು ಓದುತ್ತಿದ್ದರು, ಹೆಸರಿನ ಜೊತೆಗೆ ಊರನ್ನೂ. ಬೂಕನಕೆರೆ, ಕಿಕ್ಕೇರಿ, ಅಕ್ಕಿಹೆಬ್ಬಾಳು, ಬಿಂಡಿಗನವಿಲೆ, ಚಿನಕುರಳಿ, ಅರಕೆರೆ. ಭೂಪಟದಲ್ಲಿ ಹುಡುಕಿ ತೆಗೆಯಬೇಕಾದ ಊರುಗಳ ಹೆಸರನ್ನು ಆಕಾಶದಿಂದ ಯಾರೋ ಸ್ಫುಟವಾಗಿ ಉಚ್ಚರಿಸುವುದು ಆ ಊರಿನವರ ಪಾಲಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಹಳೆಯ ಶಾಸನಗಳಲ್ಲಿ ಊರಿನ ಹೆಸರು ಬಂದರೆ ನಮ್ಮಂಥವರು ಹಿಗ್ಗುತ್ತೇವೆ. ಕಂಬದಹಳ್ಳಿಯ ಬಸದಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ, ತಮ್ಮ ಸೀಮೆಯ ಹೆಸರು ಕಲ್ಲಿನಲ್ಲಿದೆ ಎಂದರೆ ಅವರ ಮುಖ ಅರಳುವುದನ್ನು ಕಂಡಿದ್ದೇನೆ. ಗಾಳಿಯಲ್ಲಿ ಬರೆದ ಹೆಸರಿಗೂ ಅಂಥದೇ ಒಂದು ಹಿಗ್ಗು ಇತ್ತು.

ಕನ್ನಡದ 'ಕೇಳು' ಎಂಬ ಧಾತುವಿಗೆ ಎರಡು ಅರ್ಥ. ಕಿವಿಗೊಡುವುದೂ ಕೇಳುವುದೇ, ಬೇಡುವುದೂ ಕೇಳುವುದೇ. ಸಂಸ್ಕೃತದ ಶ್ರೋತೃ ಬರಿದೆ ಆಲಿಸುವವನು. ಕನ್ನಡದ ಕೇಳುಗ ಆಲಿಸುತ್ತಾನೆ, ಪ್ರಶ್ನಿಸುತ್ತಾನೆ, ತನಗೆ ಬೇಕಾದುದನ್ನು ಕೋರುತ್ತಾನೆ. ಕೋರಿಕೆಯ ಕಾರ್ಯಕ್ರಮದಲ್ಲಿ ಈ ಅರ್ಥಗಳೆಲ್ಲ ಒಂದೇ ಅಂಚೆ ಕಾರ್ಡಿನ ಮೇಲೆ ಕೂಡಿಬರುತ್ತಿದ್ದವು. ಹಳ್ಳಿಗಳ ಬಹುಮಂದಿ ಹೆಂಗಸರ ಪಾಲಿಗೆ, ತವರಿಗೆ ಬರೆದ ಕಾಗದವನ್ನು ಬಿಟ್ಟರೆ, ಜೀವಮಾನದಲ್ಲಿ ಬರೆದ ಇನ್ನೊಂದೇ ಕಾಗದ ಆಕಾಶವಾಣಿಗೆ ಬರೆದದ್ದು.

ನನ್ನ ಸೋದರತ್ತೆಯೊಬ್ಬರು ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯಲ್ಲಿದ್ದರು. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ನೆರೆಹೊರೆಯ ಮನೆಗಳಲ್ಲಿ ಹೆಂಗಸರು ಒಲೆಯ ಮುಂದೆ ಮುದ್ದೆ ತೊಳಸುವ ಹೊತ್ತಿಗೆ ನಮ್ಮತ್ತೆಗೆ ಬಿಡುವು. ಆ ಬೀದಿಯ ರೇಡಿಯೋ ಅವರ ಜಗುಲಿಯ ಮೇಲೆ ಇರುತ್ತಿತ್ತು, ಧ್ವನಿಯನ್ನು ನೆರೆಯ ಅಡುಗೆಮನೆಗಳಿಗೂ ಕೇಳುವಷ್ಟು ಏರಿಸಿರುತ್ತಿದ್ದರು. ಅವರೊಮ್ಮೆ ಹಾಡೊಂದನ್ನು ಕೋರಿ ಕಾರ್ಡು ಬರೆದರು. ವಾರಗಳು ಕಳೆದವು. ಒಂದು ಸಂಜೆ ಕೊಟ್ಟಿಗೆಯಲ್ಲಿ ಹಸು ಕಟ್ಟಲು ಹೋಗಿದ್ದಾಗ ಹೆಸರು ಬಂದುಬಿಟ್ಟಿತು. ಎದುರು ಮನೆಯ ಗೌಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದು, 'ಅಮ್ಮಾ, ನಿಮ್ ಹೆಸ್ರು ಕೂಗುದ್ರು!' ಎಂದರು. ಅತ್ತೆ ಬರುವಷ್ಟರಲ್ಲಿ ಹಾಡು ನಡೆದಿತ್ತು. ಊರಿಗೆಲ್ಲ ಕೇಳಿದ ತಮ್ಮ ಹೆಸರನ್ನು ತಾವೊಬ್ಬರೇ ಕೇಳಲಿಲ್ಲವೆಂದು ಅವರು ಮುಂದೆ ಹಲವು ವರ್ಷ ಹೇಳಿಕೊಂಡು ನಗುತ್ತಿದ್ದರು. 'ಇನ್ನೊಂದು ಕಾರ್ಡು ಬರೆಯಬಹುದಿತ್ತಲ್ಲ ಅತ್ತೆ' ಎಂದು ನಾನು ಕೇಳಿದ್ದುಂಟು. ಓದಿದರಲ್ಲ, ಮತ್ತೆ ಅವರಿಗೆ ತೊಂದರೆ ಏಕೆ ಎಂಬುದು ಅವರ ಉತ್ತರ. 'ಅವರಿಗೆ' ಎಂದರೆ ಆ ಉದ್ಘೋಷಕಿಗೆ. ಮುಖ ಕಾಣದ ಆ ಹೆಂಗಸಿನ ಶ್ರಮವನ್ನು ಅತ್ತೆ ಮನೆಯ ಸೊಸೆಯ ಶ್ರಮದಂತೆ ಲೆಕ್ಕ ಹಾಕುತ್ತಿದ್ದರು.

ಉದ್ಘೋಷಕರ ಭಾಷೆಯ ಬಗೆಗೂ ಎರಡು ಮಾತು ಹೇಳಬೇಕು. ಅದು ಮಂಡ್ಯದ ಆಡುಮಾತಾಗಿರಲಿಲ್ಲ. ಮೈಸೂರಿನ ಅಗ್ರಹಾರದ ಮಾತು ಎನ್ನುವಂತೆಯೂ ಇರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರೆಬೇರೆಯಾಗಿ ನುಡಿಯುವ, ಅವಸರವಿಲ್ಲದ, 'ಕೇಳುಗರೇ' ಎಂದು ಬಹುವಚನದಲ್ಲಿ ಕರೆಯುವ ಕನ್ನಡ. ಕೂಲಿಯವನನ್ನೂ ಪಟೇಲನನ್ನೂ ಒಂದೇ ಬಹುವಚನದಲ್ಲಿ ಕರೆದ ದನಿ ಆ ಹಳ್ಳಿಗಳಲ್ಲಿ ಅದಕ್ಕೆ ಮುಂಚೆ ಕೇಳಿಬಂದದ್ದು ಕಡಿಮೆ. ಕೃಷಿ ಕಾರ್ಯಕ್ರಮಗಳಲ್ಲಿ ಮಾತ್ರ ಮಂಡ್ಯದ ನುಡಿಗಟ್ಟು ನೇರವಾಗಿ ಒಳಬರುತ್ತಿತ್ತು. ಕೃಷ್ಣರಾಜಸಾಗರ ಇರುವುದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಅದರ ಪೂರ್ಣ ಮಟ್ಟ 124.80 ಅಡಿ. ಸಂಜೆಯ ಸುದ್ದಿಯಲ್ಲಿ ಬರುವ ನೀರಿನ ಮಟ್ಟದ ಅಂಕಿಗಾಗಿ ಕಾಯುತ್ತಿದ್ದ ಭತ್ತದ, ಕಬ್ಬಿನ ಬೆಳೆಗಾರ ಅದರ ಹಿಂದಿನ ಹಾಡನ್ನೂ ಮುಂದಿನ ಹಾಡನ್ನೂ ಕೇಳುತ್ತಿದ್ದ. ಸಂಗೀತಾಭಿರುಚಿಯ ಎಷ್ಟೋ ಪಾಲು ಹೀಗೆ ಬೇರೆ ಕೆಲಸಕ್ಕಾಗಿ ಕಾಯುವಾಗ ಬೆಳೆದದ್ದು.

ಈ ಸೀಮೆ ಕೇವಲ ಕೇಳಿಸಿಕೊಂಡದ್ದೂ ಅಲ್ಲ. ಸುಗಮ ಸಂಗೀತವೆಂಬ ಪ್ರಕಾರವನ್ನು ಆಕಾಶವಾಣಿ ಪೋಷಿಸಿದಾಗ ಅದಕ್ಕೆ ಬೇಕಾದ ಸಾಹಿತ್ಯದ ಒಂದು ದೊಡ್ಡ ಪಾಲು ಈ ತಾಲ್ಲೂಕುಗಳಲ್ಲಿ ಹುಟ್ಟಿದವರ ಲೇಖನಿಯಿಂದಲೇ ಬಂದಿತು. 1942ರಲ್ಲಿ 'ಮೈಸೂರು ಮಲ್ಲಿಗೆ'ಯನ್ನು ಪ್ರಕಟಿಸಿದ ಕೆ. ಎಸ್. ನರಸಿಂಹಸ್ವಾಮಿ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯವರು. ಪುಸ್ತಕ ಮುಟ್ಟದ ಮನೆಗಳಿಗೆ ಆ ಕವಿತೆಗಳು ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ ಮೊದಲಾದವರ ಕಂಠದಲ್ಲಿ ತಲುಪಿದವು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು ಗೇಯರೂಪಕಗಳನ್ನು ಬರೆದರು. 'ಹಂಸ ದಮಯಂತಿ ಮತ್ತು ಇತರ ರೂಪಕಗಳು' ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುವ ಆ ಪ್ರಕಾರಕ್ಕೆ ಬಾನುಲಿಗಿಂತ ತಕ್ಕ ರಂಗ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ, ರಂಗಕರ್ಮಿಗಳು ಒಪ್ಪಲಾರರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಕಡೆಯವರಾದ ಎಚ್. ಎಲ್. ನಾಗೇಗೌಡರು ಸೋಬಾನೆ ಹಾಡುವ ಹೆಂಗಸರ ಪದಗಳನ್ನು ಕಲೆಹಾಕಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ತಮ್ಮ ಮನೆಯ ಹಸೆಮಣೆಯ ಹಾಡನ್ನು ರೇಡಿಯೋದಲ್ಲಿ ಕೇಳಿದ ಮೇಲೆ ಹಳ್ಳಿಯ ಜನ ಅದನ್ನು 'ಹಾಡು' ಎಂದು ಗೌರವಿಸತೊಡಗಿದರು. ಅದುವರೆಗೆ ಅದು ಮದುವೆಯ ಕೆಲಸಗಳಲ್ಲಿ ಒಂದು, ಅಷ್ಟೆ.

ಆದರೆ ಆಕಾಶವಾಣಿಯ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಹೇಳುವಂತಿಲ್ಲ. ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಶ್ರೇಣಿ ಸಿಗುತ್ತಿತ್ತು. ಅದರ ಮಹಿಮೆ ಎಷ್ಟೆಂದರೆ ನಮ್ಮ ಕಡೆಯ ಹಬ್ಬದ ಕರಪತ್ರಗಳಲ್ಲಿ ಇಂದಿಗೂ ಗಾಯಕರ ಹೆಸರಿನ ಹಿಂದೆ 'ಆಕಾಶವಾಣಿ ಕಲಾವಿದರು' ಎಂಬ ಬಿರುದು ಇರುತ್ತದೆ. ತೇರ್ಗಡೆಯಾಗದವರ ಕಥೆಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಇನ್ನೂ ವಿಚಿತ್ರವಾದದ್ದು ಹಾರ್ಮೋನಿಯಂನ ಗತಿ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು. ಗಮಕಗಳನ್ನು ನುಡಿಸಲಾರದ ಪರದೇಶಿ ವಾದ್ಯವೆಂಬುದು ಆರೋಪ. ನಿಷೇಧ ಸಡಿಲವಾದದ್ದು 1971ರಲ್ಲಿ. ಮಂಡ್ಯ ಜಿಲ್ಲೆಯ ಯಾವ ಹಳ್ಳಿಯಲ್ಲಿ 'ಕುರುಕ್ಷೇತ್ರ' ನಾಟಕ ಕಲಿಸಿದರೂ ಮೊದಲು ಬರುವವರು ಹಾರ್ಮೋನಿಯಂ ಮೇಷ್ಟ್ರು. ರಾಗ, ತಾಳ, ಕಂದಪದ್ಯ ಎಲ್ಲವನ್ನೂ ಒಕ್ಕಲು ಮಕ್ಕಳಿಗೆ ಕಲಿಸಿದವರು ಅವರು. ಈ ಸೀಮೆಯ ಜನ ಯಾವ ವಾದ್ಯದಿಂದ ಸಂಗೀತ ಕಲಿತರೋ ಆ ವಾದ್ಯಕ್ಕೆ, ಅವರು ಅಷ್ಟೊಂದು ಪ್ರೀತಿಸಿದ ರೇಡಿಯೋದಲ್ಲಿ, ಮೂವತ್ತು ವರ್ಷ ಪ್ರವೇಶವಿರಲಿಲ್ಲ. ಆದರೂ ಅವರು ರೇಡಿಯೋವನ್ನು ಬಿಡಲಿಲ್ಲ, ಹಾರ್ಮೋನಿಯಮ್ಮನ್ನೂ ಬಿಡಲಿಲ್ಲ.

ಈಗ ಮೈಸೂರು ಆಕಾಶವಾಣಿ 100.6 ಮೆಗಾಹರ್ಟ್ಸ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕಿಟಕಿಯ ಬಳಿ ದಿಕ್ಕು ಹುಡುಕಬೇಕಾಗಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಅಮೆರಿಕದಲ್ಲಿರುವ ಮಗನೂ ಕೇಳಬಲ್ಲ. ಕಾರ್ಡಿನ ಜಾಗಕ್ಕೆ ದೂರವಾಣಿ ಕರೆ ಬಂದಿದೆ, ವಾಟ್ಸಾಪ್ ಸಂದೇಶ ಬಂದಿದೆ. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರನ್ನು ಬಿಟ್ಟು ಎಲ್ಲೆಡೆ 'ಆಕಾಶವಾಣಿ' ಎಂದೇ ಬಳಸಬೇಕೆಂದು ಆದೇಶಿಸಿದಾಗ ಮೈಸೂರಿನವರು ಹೆಮ್ಮೆಪಟ್ಟರು. ಹೆಸರು ದೇಶಕ್ಕೆಲ್ಲ ಹರಡಿದ ಕಾಲದಲ್ಲೇ, ಆ ಹೆಸರು ಹುಟ್ಟಿದ ಬಗೆಯ ಸಣ್ಣ, ಸ್ಥಳೀಯ ಪ್ರಸಾರದ ಬಗೆಗೆ ದೆಹಲಿಯ ಒಲವು ಕಡಿಮೆಯಾಗುತ್ತಿರುವಂತೆ ನನಗೆ ತೋರುತ್ತದೆ. ಒಂದೆಡೆ ತಯಾರಾದ ಕಾರ್ಯಕ್ರಮವನ್ನು ಹಲವೆಡೆ ಬಿತ್ತರಿಸಿದರೆ ವೆಚ್ಚ ಉಳಿಯುತ್ತದೆ, ನಿಜ. ಆದರೆ ಬೇರೆ ಊರಿನಲ್ಲಿ ಕುಳಿತ ಉದ್ಘೋಷಕರಿಗೆ ಬಿಂಡಿಗನವಿಲೆ ಎಲ್ಲಿದೆಯೆಂದು ತಿಳಿದಿರಬೇಕಾದ ಅಗತ್ಯ ಬೀಳುವುದಿಲ್ಲ.

ಚರಿತ್ರೆಯ ವಿದ್ಯಾರ್ಥಿಗೆ ಇನ್ನೊಂದು ಚಿಂತೆಯಿದೆ. ಶಾಸನ ಉಳಿಯಿತು, ಓಲೆಗರಿಯನ್ನು ನಮ್ಮ ಮಠಗಳೂ ಬಸದಿಗಳೂ ಕಾಪಾಡಿದವು. ಶಾಸ್ತ್ರದಾನವನ್ನು ಪುಣ್ಯವೆಂದು ಬಗೆದು ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಕೇಳುಗರು ಬರೆದ ಕಾರ್ಡುಗಳನ್ನು ಕಾಪಾಡುವುದು ಯಾರ ಕೆಲಸವೂ ಆಗಿರಲಿಲ್ಲ. ಓದಿ ಮುಗಿದ ಕಾರ್ಡಿಗೆ ಕಡತದಲ್ಲಿ ಸ್ಥಾನವಿಲ್ಲ. ಅದರ ಪ್ರತಿ ಬರೆದವರ ಬಳಿಯೂ ಉಳಿಯದು, ಏಕೆಂದರೆ ಅದು ಹೋದದ್ದು ಒಂದೇ ದಿಕ್ಕಿಗೆ. ಹಾಡಿದವರ ಧ್ವನಿಮುದ್ರಿಕೆಗಳು ಒಂದಿಷ್ಟಾದರೂ ಉಳಿದಿವೆ. ಪ್ರತಿದಿನ ಹೆಸರು ಓದಿದ ಉದ್ಘೋಷಕರ ಮಾತು, ಎರಡು ಹಾಡುಗಳ ನಡುವೆ ಬಂದು ಹೋದದ್ದು, ಯಾವ ಸುರುಳಿಯಲ್ಲಿ ಸಿಕ್ಕೀತು?

ಹಾಗಾಗಿ ನಾನು ಕಳೆದ ಕೆಲವು ಬೇಸಗೆ ರಜೆಗಳಲ್ಲಿ ನನ್ನ ಕನ್ನಡ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತಿದ್ದೇನೆ. ಮನೆಯ ಹಿರಿಯರನ್ನು ಕೂರಿಸಿಕೊಂಡು, ರೇಡಿಯೋ ಯಾವಾಗ ಬಂತು, ಎಲ್ಲಿ ಇಟ್ಟಿದ್ದರು, ಯಾರ ದನಿ ನೆನಪಿದೆ, ಕಾಗದ ಬರೆದಿದ್ದರೇ ಎಂದು ಕೇಳಿ ಬರೆದುಕೊಂಡು ಬರಬೇಕು. ತಂದದ್ದು ಬಹಳವಿಲ್ಲ, ಹೊಂದಿಕೆಯೂ ಇಲ್ಲ. ಹಾಡಿನ ಪಟ್ಟಿ ಕೊಟ್ಟವರು ಕಡಿಮೆ, ಉದ್ಘೋಷಕರ ಹೆಸರು ಹೇಳಿದವರು ಹೆಚ್ಚು. ಕೆಲವರು ಹೆಸರು ಮರೆತು, ಅವರು ವಾಕ್ಯದ ಕೊನೆಯಲ್ಲಿ ಹೇಗೆ ನಿಲ್ಲಿಸುತ್ತಿದ್ದರೆಂದು ಆಡಿ ತೋರಿಸಿದ್ದಾರೆ. ಪಾಂಡವಪುರದ ಕಡೆಯ ಹುಡುಗಿಯೊಬ್ಬಳು ತನ್ನ ಅಜ್ಜಿ ಹಾಗೆ ಆಡಿ ತೋರಿಸಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದಿದ್ದಳು. ತರಗತಿಯಲ್ಲಿ ಅದನ್ನು ಕೇಳಿಸಿದಾಗ, ನಾಗಮಂಗಲದ ಹುಡುಗನೊಬ್ಬ ಎದ್ದುನಿಂತು, ತನ್ನ ತಾತನೂ ಈ ದನಿಯನ್ನೇ ಆಡಿ ತೋರಿಸಿದರೆಂದ.